ಎರಡನೇ ಪ್ರೂಫ್

ಬೆಟಗೇರಿ. ಪ್ರೆಸ್ಸಿನ ಶಟರ್ ಅರ್ಧ ಇಳಿಸೇವಿ.
ಮಾರ್ಚ್ ಸೆಕಿ. ಏಳು ಸಾಲಿಗಳ ಪ್ರಶ್ನೆಪತ್ರಿಕೆ
ನಮ್ಮ ಒಂದ ಕಂಪ್ಯೂಟರಿನ ಹೊಟ್ಟ್ಯಾಗ ಅದಾವು.
ಹ್ವಾದ ವರ್ಷ ಯಾರೋ ಆ ಹೊಟ್ಟಿಗೆ ಕೀಲಿ ಜಡದು
ರೊಕ್ಕ ಕೇಳಿದ್ರು, ಇಂಗ್ಲೀಷಿನ್ಯಾಗ,
ಭಾಳ ಮರ್ಯಾದೀಲೆ.

ಈ ಸಲ ಬುಡಸಮೇತ ಬದಲಿ ಮಾಡೂಣಂತ
ದಾವಲಸಾಬ ನಾಕು ಪೆನ್‌ಡ್ರೈವ್ ತಂದಾನ.
ಒಂದೊಂದಕ್ಕ ಒಂದೊಂದು ಬಣ್ಣದ ನೂಲು ಕಟ್ಯಾನ,
ಮಗ್ಗದ ಮನಿ ಹುಡುಗ.

ಕೆಂಪು ನೂಲಿಂದು ಡೆಬಿಯನ್.
ಮುದುಕ ಅದು. ಹೊಸಾದಕ್ಕ ಆಸೆ ಪಡೂದಿಲ್ಲ,
ಹರದಲ್ಲೆ ಹರದಷ್ಟ ತ್ಯಾಪಿ ಹಚ್ಚಿ
ಅದ ಅಂಗಿ ವರ್ಷಗಟ್ಟಲೆ ತೊಡತೈತಿ.
ಹಸರು, ಫೆಡೋರಾ: ಬಾಗಲಕ್ಕೊಬ್ಬ ಕಾವಲುಗಾರ,
ಮನಿಯವ್ರನ್ನೂ ತಡದು ಕೇಳ್ತಾನ,
'ಅಡಗಿಮನಿಯವಗ ಜಗಲಿ ಮ್ಯಾಲೇನು ಕೆಲಸ?'
ಆ ಕಾವಲುಗಾರಗ ಬ್ಯಾಸರಾದ್ರ, ಅಂದೆ ನಾ.
ದಾವಲಸಾಬ ನಕ್ಕ. 'ಅವಗ ಬ್ಯಾಸರಾಗೂದಿಲ್ರಿ ಅಕ್ಕಾ,
ಮಾಲಕರಿಗೆ ಬ್ಯಾಸರಾಗಿ ಅವನ್ನ ಮಲಗಸ್ತಾರ.'

ನೀಲಿ ನೂಲಿಂದು ಹಾಕಿದ್ರ ಕರೀ ಪರದಿ, ಬಿಳೀ ಅಕ್ಷರ.
ಓಪನ್‌ಬಿಎಸ್‌ಡಿ. ಕಿಡಕಿ ಎಲ್ಲಾ ಮುಚ್ಚಿಕೊಂಡ ಬರತೈತಂತ,
ಗಾಳಿ ಬೇಕಂದ್ರ ನೀನ ಎದ್ದು
ಒಂದೊಂದ ತಗೀಬೇಕು.
ನನಗದು ಮನಸಿಗೆ ಬಂತು.
ನಮ್ಮ ಪ್ರಿಂಟರ್ ಅದಕ್ಕ ಮನಸಿಗೆ ಬರಲಿಲ್ಲ.

ಕಡೀದು ಹಳದಿ, ಕ್ಯೂಬ್ಸ್:
ಟಪಾಲಿಗೊಂದು ಖೋಲಿ, ರೊಕ್ಕದ ಲೆಕ್ಕಕ್ಕೊಂದು,
ಗುರ್ತಿಲ್ಲದವ್ರ ಪೆನ್‌ಡ್ರೈವಿಗೆ ಹಿತ್ತಲದಾಗ ಒಂದು.
ಈ ಖೋಲಿಗೆ ಬೆಂಕಿ ಬಿದ್ರ
ಆ ಖೋಲಿಗೆ ಹೊಗಿ ಸೈತ ಹೋಗಬಾರದು, ಹಂಗ ಕಟ್ಯಾರ.
ನಮ್ಮಲ್ಲಿರೂದು ನಾಕ ಜಿಬಿ ರ್‍ಯಾಮು.
ಎರಡಂಕಣದ ಜಾಗಾದಾಗ ವಾಡೇ ಕಟ್ಟಂದಂಗಾತು.

ಇಷ್ಟೊತ್ತೂ ಗಪ್ ಕುಂತಿದ್ದ ನಾರಾಯಣಸಾ ಬಾಕಳೆ,
ಮೊಳೆ ಜೋಡಿಸಿ ಜೋಡಿಸಿ ಬೆರಳು ಸೀಸದ ಬಣ್ಣಕ್ಕ ತಿರಗಿದಾವ,
'ಇದನ್ನೆಲ್ಲಾ ಬರದವ್ರು ಬರದದ್ದನ್ನ ತೋರಸ್ತಾರೇನು?' ಅಂದ.
ತೋರಸ್ತಾರ ಕಾಕಾ. ಯಾರ ಬೇಕಾದ್ರೂ ಓದಬಹುದು.

'ಓದಬಹುದು.' ಆ ಶಬ್ದಾನ ಬೆಳಕಿಗೆ ಹಿಡದು ನೋಡಿದಂಗ ಅಂದ.
'ಎಂಬತ್ತೊಂಬತ್ತನೇ ಇಸವಿ. ಅಣ್ಣಿಗೇರಿ ಬೀಗರ ಲಗ್ನಪತ್ರಿಕೆ.
ಹನ್ನೊಂದು ಮಂದಿ ಪ್ರೂಫ್ ನೋಡಿದ್ರು.
ಮದುಮಗಳ ಹೆಸರಿನ ಒತ್ತಕ್ಷರ ಬಿದ್ದು ಹೋಗಿತ್ತು.
ಅವ ನೋಡ್ಯಾನಂತ ಇವ, ಇವ ನೋಡ್ಯಾನಂತ ಅವ.
ಬಿಚ್ಚಿಟ್ಟ ಮಾತ್ರಕ್ಕ ಓದಿದಂಗಲ್ಲ, ತಂಗೀ.'
ಒಂದು ಗಳಿಗಿ ಬಿಟ್ಟು,
'ಮುಚ್ಚಿಟ್ರ ಮಾತ್ರ
ತಪ್ಪು ಅಲ್ಲೇ ಮುಪ್ಪಾಗತೈತಿ.'

ಕೆಂಪು ನೂಲು ಬಿಚ್ಚಿದ್ವಿ.
ಡಿಸ್ಕಿಗೆ ಪೂರಾ ಕೀಲಿ. ಗುಟ್ಟಿನ ಮಾತು ಐದು ಶಬ್ದ,
ನಾ ಒಬ್ಬಾಕಿನ ಟೈಪ್ ಮಾಡಿದೆ, ಅವರಿಬ್ಬರೂ
ಗ್ವಾಡಿ ಕಡೆ ಮಾರಿ ಮಾಡಿ ನಿಂತ್ರು,
ಸಣ್ಣ ಖೋಲ್ಯಾಗ ಸೀರಿ ಬದಲಿಸಿದಂಗ.
ಒಂದು ಕಿಡಕಿ ಒತ್ತಿದ ಅಕ್ಷರ ಇನ್ನೊಂದು ಕಿಡಕಿ
ಕದ್ದು ಕೇಳದಂಗ ಏನೋ ಮಾಡಿದ ದಾವಲಸಾಬ;
ವೇಲ್ಯಾಂಡ್ ಅಂದ, ನಾ ಹೂಂ ಅಂದೆ.
ರಾತ್ರಿ ಒಂಬತ್ತೂವರಿ. ಮೂವರಿಗೂ
ಹೊಟ್ಟಿ ನೆನಪಾತು.

ಮೂಲಿ ಗಾಡಿಯಿಂದ ಗಿರಮಿಟ್ ಬಂತು.
ಪೊಟ್ಟಣ ಬಿಚ್ಚಿ ಚುರಮರಿ ಸರಸಿದ್ರ
ಎಣ್ಣಿ ಕಲಿ ನಡುವ:
'ಕೆಳಗಿನವುಗಳಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿ.'
ಒಂಬತ್ತನೇ ಇಯತ್ತೆ. ವಿಜ್ಞಾನ.
ಅಂಚಿನ್ಯಾಗ ಕೆಂಪು ಶಾಯಿ, ಕಾಕಾನ ದುಂಡು ಅಕ್ಷರ.
ರದ್ದಿ ಅಂತ ಮುಂಜಾನೆ ನಾನ
ಕಿಲೋ ಲೆಕ್ಕದಾಗ ತೂಕ ಹಾಕಿ ಕೊಟ್ಟದ್ದು.

ಪರದಿ ಮ್ಯಾಲೆ ಸಣ್ಣ ಕೀಲಿಯ ಚಿತ್ರ,
ಶಾಣ್ಯಾ ಕೂಸಿನಂಗ, ಮುಚ್ಚೇ ಇತ್ತು.
ದಾವಲಸಾಬ ಶಟರ್ ಎತ್ತಿ ಓಡಿದ,
ಉಳದ ಗಿರಮಿಟ್ ಎಲ್ಲಾ ಕೊಳ್ಳಾಕ,
ಗಾಡ್ಯಾಗಿನ ಕಾಗದ ಸಮೇತ.

ಕಾಕಾ ಕಾಗದ ಝಾಡಿಸಿದ, ಚಸ್ಮಾ ಏರಿಸಿದ,
ದೀಪದ ಹತ್ರ ಹಿಡದು ಓದಿದ,
'ಏಳನೇ ಪ್ರಶ್ನೆ
ಇನ್ನೂ ತಪ್ಪೈತಲ್ಲ' ಅಂದ.